ಸಲಿಂಗ ವಿವಾಹ: ಕೋರ್ಟ್ ಕೈಚೆಲ್ಲಿತು, ಇನ್ನು ಸಂವಿಧಾನವನ್ನೇ ತಿದ್ದಬೇಕೇ?

ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೋರ್ಟ್‌ನಿಂದ ಬರಬೇಕೋ, ಸಂವಿಧಾನ ತಿದ್ದುಪಡಿಯಿಂದಲೋ? ಭಾರತದ ಮಟ್ಟಿಗೆ ಈ ಪ್ರಶ್ನೆಯ ಎರಡನೇ ಭಾಗವೇ ತಪ್ಪು ತಿಳಿವಳಿಕೆ. ಮದುವೆ ಎಂದರೆ ಗಂಡು-ಹೆಣ್ಣಿನ ಸಂಬಂಧ ಮಾತ್ರ ಎಂದು ನಮ್ಮ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ತಿದ್ದಬೇಕಾದ್ದು ಕಾಯ್ದೆಯನ್ನು.

ತೊಡಕಿರುವುದು 1954ರ ವಿಶೇಷ ವಿವಾಹ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ. ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎನ್ನುತ್ತದೆ ಅದು. ಈ ಕಾಯ್ದೆಯನ್ನು ಲಿಂಗಭೇದವಿಲ್ಲದಂತೆ ಅರ್ಥೈಸಿ ಎಂದು ಅರ್ಜಿದಾರರು ಕೇಳಿದ್ದರು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಒಪ್ಪಲಿಲ್ಲ. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಿಸುವುದು ಶಾಸಕಾಂಗದ ಕೆಲಸ ಎಂಬಲ್ಲಿ ಐವರದ್ದೂ ಒಂದೇ ಮಾತು. ಇಂಥ ಜೋಡಿಗಳ ಸಂಬಂಧಕ್ಕೆ ಮಾನ್ಯತೆ ಬೇಕು, ದತ್ತು ಪಡೆಯಲು ಅವಕಾಶ ಇರಬೇಕು ಎಂದವರು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾ. ಎಸ್.ಕೆ. ಕೌಲ್ ಮಾತ್ರ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಹೊರದೇಶಗಳಲ್ಲಿ ದಾರಿಗಳು ಬೇರೆ ಬೇರೆ. ಐರ್ಲೆಂಡ್ 2015ರ ಮೇನಲ್ಲಿ ಜನಮತಗಣನೆ ನಡೆಸಿ, ಶೇ 62 ಮತಗಳೊಂದಿಗೆ ಸಂವಿಧಾನವನ್ನೇ ತಿದ್ದಿತು. ಮರುತಿಂಗಳು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹಕ್ಕು ನೀಡಿತು. ತೈವಾನ್‌ನದ್ದು ನಡುದಾರಿ: 2017ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟ್ ಎರಡು ವರ್ಷದ ಗಡುವು ಕೊಟ್ಟಿತು, 2019ರ ಮೇನಲ್ಲಿ ಸಂಸತ್ತು ಕಾನೂನು ಮಾಡಿತು. ನಮ್ಮ ಕೋರ್ಟ್ ಅಂಥ ಗಡುವನ್ನೂ ಕೊಡಲಿಲ್ಲ. ತೀರ್ಪಿನ ದೊಡ್ಡ ಕೊರತೆ ಇದೇ.

ಹಾಗೆ ನೋಡಿದರೆ ಉಳಿದಿರುವ ದಾರಿ ಸುಲಭದ್ದೇ. ಸಂವಿಧಾನ ತಿದ್ದಲು ಮೂರನೇ ಎರಡರಷ್ಟು ಬಹುಮತ ಬೇಕು, ಕಾಯ್ದೆ ತಿದ್ದಲು ಸರಳ ಬಹುಮತ ಸಾಕು. ಮದುವೆ ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ಕರ್ನಾಟಕ, ಮಹಾರಾಷ್ಟ್ರದಂಥ ರಾಜ್ಯಗಳೂ ಕಾನೂನು ಮಾಡಬಹುದು. ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ, ಅಷ್ಟೇ.

ಆದರೆ ಮನಸ್ಸು ಯಾರಿಗಿದೆ? ಸಲಿಂಗಕಾಮವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ವಿಚಾರದಲ್ಲೂ 2013ರಲ್ಲಿ ಸುಪ್ರೀಂ ಕೋರ್ಟ್ ಸಂಸತ್ತಿನತ್ತ ಬೊಟ್ಟು ಮಾಡಿತ್ತು. 2015ರಲ್ಲಿ ಶಶಿ ತರೂರ್ ಖಾಸಗಿ ಮಸೂದೆ ತಂದಾಗ ಲೋಕಸಭೆ ಮಂಡನೆಗೇ ಬಿಡಲಿಲ್ಲ: ವಿರೋಧ 71, ಪರ 24. ಕೊನೆಗೆ 2018ರಲ್ಲಿ ಕೋರ್ಟೇ ಆ ಕೆಲಸ ಮಾಡಬೇಕಾಯಿತು. ವಿಶೇಷ ವಿವಾಹ ಕಾಯ್ದೆಯ ತಿದ್ದುಪಡಿಗೆ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2022ರಲ್ಲಿ ಮಂಡಿಸಿದ್ದ ಖಾಸಗಿ ಮಸೂದೆ ಆ ಲೋಕಸಭೆಯೊಂದಿಗೇ ಬಿದ್ದುಹೋಯಿತು.

ಈ ನಡುವೆ ಕೇಂದ್ರ ಸರ್ಕಾರ 2024ರಲ್ಲಿ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ರಚಿಸಿತು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಿ ಎಂಬ ಸೂಚನೆಗಳು ಹೊರಬಿದ್ದವು. ಇವೆಲ್ಲ ಸುತ್ತೋಲೆಗಳು, ಇನ್ನೊಂದು ಸುತ್ತೋಲೆಯಿಂದ ಬದಲಾಗಬಹುದು. ಇಪ್ಪತ್ತು ವರ್ಷ ಜೊತೆಗಿದ್ದ ಸಂಗಾತಿ ಉಯಿಲು ಬರೆಯದೆ ತೀರಿಕೊಂಡರೆ, ಅವರ ಹೆಸರಿನಲ್ಲಿದ್ದ ಮನೆಯ ಮೇಲೆ ಉಳಿದವರಿಗೆ ಇಂದಿಗೂ ವಾರಸುದಾರಿಕೆ ಇಲ್ಲ.