ಬೆನೆಟ್ ಮನೆಯ ಐವರು, ನಮ್ಮನೆಯ ಅಣ್ಣ

ಸೆಮಿಸ್ಟರ್ ಪರೀಕ್ಷೆ ಮುಗಿಸಿಕೊಂಡು ಪಾಂಡವಪುರದ ಹತ್ತಿರದ ನಮ್ಮೂರಿಗೆ ಬಂದಾಗ ಬ್ಯಾಗಿನಲ್ಲಿ ಬಿ.ಇ.ಗೆ ಸಂಬಂಧವೇ ಇಲ್ಲದ ಒಂದು ಪುಸ್ತಕವಿತ್ತು. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’. ಸಿನಿಮಾ ನೋಡಿದರೆ ಸಾಲದು, ಓದಲೇಬೇಕು ಎಂದು ಹಾಸ್ಟೆಲಿನ ಗೆಳತಿ ತುರುಕಿ ಕಳಿಸಿದ್ದಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ, ‘ಒಬ್ಳೇ ನಗ್ತಾ ಇದ್ದೀಯಲ್ಲ, ಏನವ್ವ ಅದು?’ ಎಂದಳು. ನಾನೂ ಕಾಯಿ ಸುಲಿಯುತ್ತಾ ಕಥೆ ಶುರು ಮಾಡಿದೆ.

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಬೆನೆಟ್ ಎಂಬ ಯಜಮಾನ. ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ವರ್ಷಕ್ಕೆ 2,000 ಪೌಂಡ್ ಆದಾಯದ ಜಮೀನಿದೆ. ಆದರೆ ಅವನು ಸತ್ತರೆ ಅದು ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಕಾಲಿನ್ಸ್ ಎಂಬ ದೂರದ ನೆಂಟನಿಗೆ ಹೋಗಬೇಕೆಂದು ಆಗಲೇ ಬರೆದಿಟ್ಟಾಗಿದೆ. ಹಾಗಾಗಿ ಆ ಹುಡುಗಿಯರ ತಾಯಿಗೆ ಹಗಲೂ ರಾತ್ರಿ ಅಳಿಯಂದಿರದೇ ಜಪ. ಓದಿದವರೆಲ್ಲ ಅವಳನ್ನು ನೋಡಿ ನಗುತ್ತಾರೆ, ನಾನೂ ಅದಕ್ಕೇ ನಗುತ್ತಿದ್ದೆ. ಅವ್ವ ಮಾತ್ರ ನಗಲಿಲ್ಲ. ‘ಗಂಡ ಸತ್ರೆ ಬೀದಿಗೆ ಬೀಳೋ ಐದು ಹೆಣ್ಮಕ್ಳ ಇಟ್ಕೊಂಡು ಅವ್ಳು ಇನ್ನೇನ್ ಮಾಡಾಳು? ಏನೂ ಮಾಡ್ದೆ ಪುಸ್ತಕ ಓದ್ಕೊಂಡು ಕೂತವ್ನಲ್ಲ ಆ ಗಂಡ, ಅವನ್ಗೆ ಬುದ್ಧಿ ಇಲ್ಲ ಕಣೆ’ ಎಂದಳು. ಇಂಗ್ಲಿಷ್ ಬಾರದ ಅವ್ವನಿಗೆ ಹೊಳೆದದ್ದು ನನಗೆ ಅರ್ಧ ಪುಸ್ತಕ ಓದಿದರೂ ಹೊಳೆದಿರಲಿಲ್ಲ.

ಈ ಕಾದಂಬರಿ ಅಚ್ಚಾದದ್ದು 1813ರಲ್ಲಿ. ಮೊದಲ ಕರಡು ಬರೆದದ್ದು 1796-97ರಲ್ಲಿ, ಆಗ ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ. 1799ರಲ್ಲಿ ಕೋಟೆ ಬಿದ್ದ ಮೇಲೆ ಪಟ್ಟಣದ ಉಸ್ತುವಾರಿ ಸಿಕ್ಕಿದ್ದು ಆರ್ಥರ್ ವೆಲ್ಲೆಸ್ಲಿಗೆ, ಆತ ವಾಸವಿದ್ದದ್ದು ದರಿಯಾ ದೌಲತ್‌ನಲ್ಲಿ. ಶಾಲೆಯ ಪ್ರವಾಸದಲ್ಲಿ ಯಾರೂ ಹೇಳದ ವಿಷಯವೊಂದಿದೆ. ಭಾರತಕ್ಕೆ ಬರುವ ಮೊದಲು ಈ ವೆಲ್ಲೆಸ್ಲಿ ಕಿಟ್ಟಿ ಪಾಕೆನಮ್ ಎಂಬುವಳನ್ನು ಮದುವೆಯಾಗಲು ಕೇಳಿದ್ದ. ಸಂಪಾದನೆ ಸಾಲದು ಎಂದು ಅವಳ ಮನೆಯವರು ಒಪ್ಪಿರಲಿಲ್ಲ. ಇಲ್ಲಿ ಹೆಸರು, ಹಣ ಎರಡೂ ಮಾಡಿಕೊಂಡು ವಾಪಸ್ ಹೋಗಿ 1806ರಲ್ಲಿ ಅವಳನ್ನೇ ಮದುವೆಯಾದ. ಸಂಸಾರ ಸುಖವಾಗಿರಲಿಲ್ಲವಂತೆ, ಅದು ಬೇರೆ ಮಾತು.

ಸಂಪಾದನೆ ಸಾಲದು ಅನ್ನುವ ಮಾತು ನಮ್ಮ ಮನೆಗೆ ಹೊಸದಲ್ಲ. ಅಣ್ಣನಿಗೆ ಈಗ ಮೂವತ್ತೊಂದು. ಬಿ.ಕಾಂ. ಮಾಡಿ, ಅಪ್ಪನಿಗೆ ಸೊಂಟನೋವು ಬಂದ ಮೇಲೆ ನಾಲೆ ಬಯಲಿನ ಎರಡು ಎಕರೆಗೆ ಇಳಿದ. ಕಬ್ಬು, ಭತ್ತ, ನಾಲ್ಕು ಹಸು. ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಆಸ್ಟಿನ್ ಕಾದಂಬರಿ ಶುರುವಾಗುವುದು ಆಸ್ತಿವಂತ ಬ್ರಹ್ಮಚಾರಿಯೊಬ್ಬ ಊರಿಗೆ ಬಂದ ಸುದ್ದಿಯಿಂದ, ಹೆಣ್ಣು ಹೆತ್ತವರ ಓಡಾಟದಿಂದ. ನಮ್ಮ ಜಿಲ್ಲೆಯಲ್ಲಿ ಓಡಾಡುವವರು ಗಂಡು ಹೆತ್ತವರು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಹುಡುಗಿಯರ ಅರ್ಜಿ ಸುಮಾರು 250, ಹುಡುಗರದ್ದು 11,000ಕ್ಕೂ ಹೆಚ್ಚು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಮರು ಫೆಬ್ರುವರಿಯಲ್ಲಿ ಹೆಣ್ಣು ಸಿಗದ ರೈತ ಹುಡುಗರು ಮದ್ದೂರು ತಾಲ್ಲೂಕಿನಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಟಿ.ವಿ.ಯವರಿಗೆ ತಮಾಷೆ, ಫೋನಿನಲ್ಲಿ ಮೀಮ್. ಅಣ್ಣ ಆ ಸುದ್ದಿ ಬಂದಾಗಲೆಲ್ಲ ಚಾನೆಲ್ ಬದಲಿಸುತ್ತಿದ್ದ.

ಹೆಣ್ಣು ಯಾಕಿಲ್ಲ ಎಂದು ಕೇಳಿದರೆ ಎರಡು ಉತ್ತರ. ಹುಟ್ಟಿದವರು ಓದಿ ಬೆಂಗಳೂರು, ಮೈಸೂರು ಸೇರುತ್ತಾರೆ. ಇನ್ನು ಕೆಲವರನ್ನು ಹುಟ್ಟಲೇ ಬಿಡಲಿಲ್ಲ. 2023ರ ಕೊನೆಯಲ್ಲಿ ಭ್ರೂಣಲಿಂಗ ಪತ್ತೆ ದಂಧೆ ಬಯಲಾದದ್ದು ಇದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ. ಬೆಲ್ಲ ಕಾಯಿಸುವ ಜಾಗದಲ್ಲಿ!

ಅಣ್ಣನಿಗೆ ಮೊದಲು ನೋಡಿದ್ದು ಕೆ.ಆರ್.ಪೇಟೆ ಕಡೆಯ ಹುಡುಗಿಯನ್ನು. ಅವರು ಫೋನಿನಲ್ಲೇ ‘ಜಾತಕ ಕೂಡಲಿಲ್ಲ’ ಅಂದರು. ಆಮೇಲೆ ನಾಗಮಂಗಲ ಕಡೆ. ಆಗ ನಾನು ಪಿ.ಯು.ಸಿ. ಉಪ್ಪಿಟ್ಟು, ಕಾಫಿ ಆದ ಮೇಲೆ ಹುಡುಗಿ ಎಲ್ಲರ ಎದುರೇ, ‘ನಾನು ಎಂ.ಎಸ್ಸಿ. ಮಾಡ್ಬೇಕು, ಹಳ್ಳೀಲಿ ಇರೋಕಾಗಲ್ಲ. ನಿಮಗೆ ಬೇಜಾರು ಮಾಡೋ ಉದ್ದೇಶ ಇಲ್ಲ’ ಎಂದುಬಿಟ್ಟಳು. ವಾಪಸ್ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಬೈದೆವು. ‘ಎಷ್ಟು ಕೊಬ್ಬು’ ಅಂದವಳು ನಾನೇ. ಅಣ್ಣ ಕಾರು ಓಡಿಸುತ್ತಿದ್ದ, ಮಾತಾಡಲಿಲ್ಲ.

ಕಾದಂಬರಿಯಲ್ಲಿ ಕಾಲಿನ್ಸ್ ಬಂದು ಎಲಿಜಬೆತ್‌ಳನ್ನು ಕೇಳುತ್ತಾನೆ. ಅವಳು ಆಗಲ್ಲ ಅನ್ನುತ್ತಾಳೆ. ಅವನಿಗೆ ಆ ‘ಆಗಲ್ಲ’ ಕಿವಿಗೇ ಬೀಳುವುದಿಲ್ಲ. ಆ ಅಧ್ಯಾಯ ಓದಿ ಎಲಿಜಬೆತ್ ನನ್ನ ಹೀರೋ ಎಂದುಕೊಂಡೆ. ಎರಡು ಪುಟ ತಿರುವುವಷ್ಟರಲ್ಲಿ ನಾಗಮಂಗಲದ ಹುಡುಗಿ ನೆನಪಾದಳು. ಅಣ್ಣ ಕಾಲಿನ್ಸ್ ಅಲ್ಲ, ಅವಳ ಮಾತನ್ನು ಸುಮ್ಮನೆ ಕೇಳಿಸಿಕೊಂಡು ಎದ್ದುಬಂದವನು. ಆದರೆ ಅವಳು ಹೇಳಿದ ಮಾತಂತೂ ಅದೇ ಆಗಿತ್ತಲ್ಲ?

ಎಲಿಜಬೆತ್ ಒಲ್ಲೆ ಅಂದ ಕಾಲಿನ್ಸ್‌ನನ್ನು ಅವಳ ಗೆಳತಿ ಷಾರ್ಲೆಟ್ ಒಪ್ಪಿಕೊಳ್ಳುತ್ತಾಳೆ. ವಯಸ್ಸು ಇಪ್ಪತ್ತೇಳು, ತನ್ನದೆಂಬ ಮನೆ ಬೇಕು, ಅಷ್ಟೇ. ಅವ್ವನಿಗೆ ಇಡೀ ಪುಸ್ತಕದಲ್ಲಿ ಇಷ್ಟವಾದವಳು ಅವಳೇ. ‘ನಿಮ್ಮತ್ತೇರೆಲ್ಲ ಅಂಗೇ ಕಣೆ ಮದ್ವೆ ಆಗಿದ್ದು’ ಎಂದಳು. ಆ ಇಬ್ಬರು ಅತ್ತೆಯರು ಈ ಎರಡು ಎಕರೆಯಲ್ಲಿ ತಮ್ಮ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದವರು. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕಾನೂನಾಯಿತು. ಬೆನೆಟ್ ಹುಡುಗಿಯರಿಗೆ ಇಲ್ಲದ ಕಾನೂನು ನನಗಿದೆ. ಮುಂದೊಂದು ದಿನ ನನ್ನ ಮುಂದೆಯೂ ಆ ಕಾಗದ ಬರಬಹುದು. ಅಣ್ಣನ ಮುಖ ನೋಡಿ ಸಹಿ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ರಜೆ ಮುಗಿಯುವ ಎರಡು ದಿನ ಮೊದಲು ದೊಡ್ಡಮ್ಮ ಬಂದರು. ಶ್ರೀರಂಗಪಟ್ಟಣ ಕಡೆಯ ಸಂಬಂಧ, ನಾಲ್ಕು ಎಕರೆ ನೀರಾವರಿ, ಒಬ್ಬನೇ ಮಗ, ಓದು ಮುಗಿಯುವವರೆಗೆ ಕಾಯುತ್ತಾರಂತೆ. ‘ವ್ಯವಸಾಯದವ್ರು ಬೇಡ ದೊಡ್ಡಮ್ಮ’ ಎಂದೆ. ಯೋಚಿಸಿ ಆಡಿದ ಮಾತಲ್ಲ. ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಅಣ್ಣ ಒಳಗೆ ತಲೆ ಹಾಕಿ, ‘ಓದ್ಲಿ ಬುಡಿ ದೊಡ್ಡಮ್ಮ’ ಎಂದು ಮತ್ತೆ ಹೋದ. ದೊಡ್ಡಮ್ಮ ನನ್ನನ್ನೇ ನೋಡುತ್ತಾ ಕೂತರು. ಅವ್ವ ಕಾಫಿಗಿಡಲು ಎದ್ದಳು.

ಹೊರಡುವ ದಿನ ಅಣ್ಣನೇ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಬಸ್ಸಿಗೆ ಕಾಯುವಾಗ ಕೇಳಿದ: ‘ಅವ್ವ ಹೇಳ್ತಿದ್ಲು. ಆ ನಿನ್ನ ಪುಸ್ತಕದಲ್ಲಿ ದುಡ್ಡಿಲ್ದೋರ್ಗೆ ಯಾರ್ಗಾದ್ರೂ ಮದ್ವೆ ಆಯ್ತದಾ?’

‘ಒಬ್ಬನ್ಗೆ ಆಗುತ್ತೆ. ಆದ್ರೆ ಸಾಲ ಮಾಡ್ಕೊಂಡಿರೋ ಮೋಸಗಾರ. ಇನ್ನೊಬ್ಬ ಅವನ ಸಾಲ ತೀರಿಸಿ ಮದ್ವೆ ಮಾಡಿಸ್ತಾನೆ.’

‘ಸಾಲ ನಂಗೂ ಐತೆ’ ಎಂದು ನಕ್ಕ. ಅಷ್ಟರಲ್ಲಿ ಬಸ್ ಬಂತು. ಬ್ಯಾಗು ಎತ್ತಿಕೊಟ್ಟು, ಸೀಟು ಸಿಕ್ಕಿತಾ ಎಂದು ಕಿಟಕಿಯಲ್ಲಿ ಇಣುಕಿ ನೋಡಿ ಹೋದ.