ಕಾಲುವೆಗೆ ಗಾಳ ಹಾಕುವ ಮೊದಲು ಒಂದು ಪ್ರಶ್ನೆ: ಮೀನು ಯಾರದ್ದು?

ಹೋದ ತಿಂಗಳು ನಂದೂರಿನಲ್ಲಿರುವ ನಮ್ಮ ಕಾಕಾನ ಮಗ ವಾಟ್ಸಾಪಿನಲ್ಲಿ ಒಂದು ರೀಲ್ ಕಳಿಸಿದ. ಅಮೆರಿಕದ ಮಯಾಮಿ ನಗರ. ಎರಡೂ ಕಡೆ ಮನೆಗಳು, ಹಿಂದೆ ಹೆದ್ದಾರಿ, ನಡುವೆ ಸ್ಕೇಲಿಟ್ಟು ಗೆರೆ ಎಳೆದಂಥ ಕಾಲುವೆ. ಸಣ್ಣ ದೋಣಿಯಲ್ಲಿ ಒಬ್ಬ ಗೈಡ್, ಒಬ್ಬ ಪ್ರವಾಸಿ. ಗಾಳಕ್ಕೆ ಸಿಕ್ಕ ಮೀನಿಗೆ ಹಸಿರು-ಹಳದಿ ಮೈ, ಬಾಲದ ಬುಡದಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ. ಫೋಟೊ ತೆಗೆದರು, ವಾಪಸ್ ನೀರಿಗೆ ಬಿಟ್ಟರು. ಇಂಥ ಅರ್ಧ ದಿನದ ಟ್ರಿಪ್ಪಿಗೆ ನೂರಾರು ಡಾಲರ್.

ಕೆಳಗೆ ಅವನ ಪ್ರಶ್ನೆ: "ಅಣ್ಣಾ, ನಮ್ಮಲ್ಲೂ ಬೆಣ್ಣೆತೊರಾ ಕಾಲುವಿ ಅದ, ಗಂಡೋರಿ ನಾಲಾ ಅದ. ಬಿಸಿಲಂತೂ ಅವರಿಗಿಂತ ಜಾಸ್ತಿನೇ ಅದ. ಇದನ್ನ ಇಲ್ಲಿ ಯಾಕ ಮಾಡಬಾರದು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯ್ತು. ದಾಲ್ ಮಿಲ್ಲಿನಲ್ಲಿ ಸೀಸನ್ ಇದ್ದಾಗ ಕೆಲಸ, ಇಲ್ಲದಿದ್ದಾಗ ಮನೆ. ನಾನೂ ಎಂಜಿನಿಯರಿಂಗ್ ಓದಿ ಬೇರೆ ದಾರಿ ಹಿಡಿದವನು. ಹಾಗಾಗಿ "ಆಗಲ್ಲ ಬಿಡು" ಅಂತ ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಲೆಕ್ಕ ಹಾಕಿ ನೋಡೋಣ ಅಂತ ಕೂತೆ. ನೀರಿನಿಂದ ಶುರುವಾದ ಲೆಕ್ಕ ರಾಜಕೀಯಕ್ಕೆ ಬಂದು ನಿಂತಿತು.

ಅವರ ಕಾಲುವೆ ಬೇರೆ, ನಮ್ಮ ಕಾಲುವೆ ಬೇರೆ

ಮಯಾಮಿ ಕಟ್ಟಿರೋದು ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಎತ್ತರದ ಜೌಗು ನೆಲದ ಅಂಚಿನಲ್ಲಿ. ಅಲ್ಲಿನ ಕಾಲುವೆಗಳ ಮುಖ್ಯ ಕೆಲಸ ನೆಲದಲ್ಲಿರುವ ನೀರನ್ನು ಬಸಿದು ಕಡಲಿಗೆ ಸಾಗಿಸೋದು, ಪ್ರವಾಹ ತಡೆಯೋದು. ಸುಣ್ಣಕಲ್ಲಿನ ಪದರವನ್ನು ಕೊರೆದು ತೋಡಿರೋದರಿಂದ ಅಂತರ್ಜಲ ಒಳಗೇ ಒಸರುತ್ತದೆ. ವರ್ಷಪೂರ್ತಿ ನೀರು ಇರುತ್ತದೆ, ಚಳಿಗಾಲದಲ್ಲೂ ಅದು ಅಷ್ಟಾಗಿ ತಣ್ಣಗಾಗೋದಿಲ್ಲ.

ನಮ್ಮ ಕಾಲುವೆಗಳು ಇದಕ್ಕೆ ಪೂರ್ತಿ ಉಲ್ಟಾ. ಹೇರೂರ ಬಳಿಯ ಬೆಣ್ಣೆತೊರಾ ಇರಲಿ, ಕಮಲಾಪುರ ತಾಲ್ಲೂಕಿನ ಬೆಳಕೋಟಾ ಬಳಿಯ ಗಂಡೋರಿ ನಾಲಾ ಇರಲಿ, ಅವು ಇರೋದು ಹೊಲಕ್ಕೆ ನೀರು ಕೊಡಲಿಕ್ಕೆ. ಗೇಟ್ ತೆಗೆದರೆ ನೀರು, ಮುಚ್ಚಿದರೆ ಒಣ ಕಾಲುವೆ. ಜಲಾಶಯದಿಂದ ಹರಿದು ಬಂದ ಮೀನು ನೀರು ನಿಂತ ಮೇಲೆ ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಹುಡುಗರು ಬುಟ್ಟಿಯಲ್ಲಿ ಬಾಚಿಕೊಂಡು ಹೋಗುತ್ತಾರೆ. ಅಲ್ಲಿ ಮೀನು ಬೆಳೆದು ದೊಡ್ಡದಾಗಲು ಸಮಯವೇ ಇಲ್ಲ.

ಅಪಾಯವೂ ಇದೆ. ಕಾಂಕ್ರೀಟ್ ಲೈನಿಂಗ್ ಮಾಡಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗೋದಿಲ್ಲ. ಅಂದರೆ ಗಾಳ ಹಾಕುವುದಿದ್ದರೆ ಕಾಲುವೆಯಲ್ಲಲ್ಲ, ಜಲಾಶಯದ ಹಿನ್ನೀರಿನಲ್ಲಿ ಅಥವಾ ಕೆರೆಯಲ್ಲಿ. ಮೊದಲ ಉತ್ತರ ಇದು.

ರೀಲ್‌ನಲ್ಲಿದ್ದ ಮೀನು ಬಂದದ್ದು ಎಲ್ಲಿಂದ?

ಆ ಮೀನಿನ ಹೆಸರು ಪೀಕಾಕ್ ಬಾಸ್. ಅದು ಮಯಾಮಿಯದ್ದಲ್ಲ, ದಕ್ಷಿಣ ಅಮೆರಿಕದ್ದು. ತಿಲಾಪಿಯದಂಥ ಹೊರಗಿನ ಮೀನುಗಳು ಕಾಲುವೆಗಳಲ್ಲಿ ವಿಪರೀತ ಹೆಚ್ಚಿದ್ದವು. ಅವನ್ನು ತಿನ್ನಲಿ, ಹವ್ಯಾಸಿಗಳಿಗೆ ಮೋಜೂ ಆಗಲಿ ಅಂತ ಫ್ಲಾರಿಡಾ ಸರ್ಕಾರವೇ 1984ರಲ್ಲಿ ಅದನ್ನು ತಂದು ಬಿಟ್ಟಿತು. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಆ ಮೀನು ಬದುಕೋದಿಲ್ಲ, ಹಾಗಾಗಿ ಉತ್ತರಕ್ಕೆ ಹಬ್ಬಲಾರದು ಅನ್ನೋ ಅಂದಾಜಿನ ಮೇಲೆ ಈ ನಿರ್ಧಾರ. ಗಾಳ ಹಾಕುವವರಿಗೆ ಲೈಸೆನ್ಸ್ ಇದೆ. ಇಟ್ಟುಕೊಳ್ಳೋದಾದರೆ ದಿನಕ್ಕೆ ಎರಡೇ ಮೀನು, ಅದರಲ್ಲಿ 17 ಇಂಚಿಗಿಂತ ದೊಡ್ಡದು ಒಂದೇ.

ಇದನ್ನು ಓದಿ "ನಾವೂ ಒಂದು ಹೊಸ ಮೀನು ತಂದು ಬಿಡೋಣ" ಅಂತ ಯಾರಿಗಾದರೂ ಅನ್ನಿಸಿದರೆ ದಯವಿಟ್ಟು ಬೇಡ. ಆ ಪಾಠ ನಮಗೆ ಈಗಾಗಲೇ ಆಗಿದೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯ, ಅಂದರೆ ನಮ್ಮ ಜಿಲೇಬಿ ಮೀನು, ಇವತ್ತು ಲೆಕ್ಕವಿಲ್ಲದಷ್ಟು ಕೆರೆಗಳಲ್ಲಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿತು. ಅದು ಇನ್ನೂ ನೀರಿನಿಂದ ಹೋಗಿಲ್ಲ. ನಮ್ಮಲ್ಲಿ ಇಂಥ ಮೀನನ್ನು ತಡೆಯುವ ಚಳಿಗಾಲವೂ ಇಲ್ಲ.

ಕಾವೇರಿಯಲ್ಲಿ ಏನಾಯ್ತು?

ಗೈಡ್ ಜೊತೆ ಗಾಳ ಹಾಕುವ ಪ್ರವಾಸ ಕರ್ನಾಟಕಕ್ಕೆ ಹೊಸದಲ್ಲ. ಕಾವೇರಿ ದಂಡೆಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ವರ್ಷಗಟ್ಟಲೆ ಫಿಶಿಂಗ್ ಕ್ಯಾಂಪ್ ನಡೆಸಿತ್ತು. ಬರುತ್ತಿದ್ದವರ ಗುರಿ ಮಹಶೀರ್, ಅಲ್ಲಿನವರ ಬಾಯಲ್ಲಿ ಬಿಳಿ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. ಅಂಥ ಮೀನಿಗಾಗಿ ಯುರೋಪಿನಿಂದ ಜನ ಬರುತ್ತಿದ್ದರು. ಹಿಂದೆ ಡೈನಮೈಟ್ ಎಸೆದು ಮೀನು ಹಿಡಿಯುತ್ತಿದ್ದ ಕೆಲವರು ಅದೇ ಕ್ಯಾಂಪುಗಳಲ್ಲಿ ಗೈಡ್ ಆದರು, ಕಾವಲುಗಾರರಾದರು. ಹಿಡಿದ ಮೀನನ್ನು ತೂಕ ಮಾಡಿ, ಬರೆದುಕೊಂಡು, ಬಿಡುತ್ತಿದ್ದರು.

ಆದರೆ ಆ ಜಾಗ ಕಾವೇರಿ ವನ್ಯಜೀವಿ ಧಾಮದೊಳಗಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಸೆರೆಹಿಡಿಯೋದೂ ಬೇಟೆಯೇ, ಆಮೇಲೆ ಬಿಟ್ಟರೂ ಅಷ್ಟೇ. 2012ರ ಹೊತ್ತಿಗೆ ಧಾಮದೊಳಗೆ ಗಾಳ ಹಾಕೋದು ನಿಂತಿತು. ಕಾನೂನಿನ ಓದು ಸರಿಯೇ ಇರಬಹುದು. ಆದರೆ ಗೈಡ್ ಕೆಲಸ ನಂಬಿದ್ದವರ ಕೈಯಲ್ಲಿ ಆ ನೀರಿನ ಮೇಲೆ ಬರೆದುಕೊಟ್ಟ ಹಕ್ಕು ಯಾವುದೂ ಇರಲಿಲ್ಲ. ಇದ್ದದ್ದು ಕೆಲಸ ಮಾತ್ರ, ಅದು ಹೋಯ್ತು.

ಇನ್ನೊಂದು ಕತೆ ಗಾಲಿಬೋರೆಯ ಲಾಗ್ ಪುಸ್ತಕದಲ್ಲಿತ್ತು. 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಕೂತು ನೋಡಿದಾಗ ಗೊತ್ತಾದದ್ದು ಇದು: ಕಾವೇರಿಯದ್ದೇ ಆದ ಡುಬ್ಬದ ಮಹಶೀರ್ ಕುಸಿಯುತ್ತಾ ಬಂದಿತ್ತು, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಹೆಚ್ಚುತ್ತಾ ಹೋಗಿತ್ತು. ಈ ನೀಲಿ ರೆಕ್ಕೆಯದ್ದನ್ನು ಲೋಣಾವಳದ ಹ್ಯಾಚರಿಯಲ್ಲಿ ಮರಿ ಮಾಡಿ, "ಮಹಶೀರ್ ಉಳಿಸೋಣ" ಅನ್ನೋ ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟಿದ್ದರು. ಅದನ್ನು 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆ ಬಳಿಯ ಮುಳಾ-ಮುಠಾ ನದಿಯಿಂದ. ಆ ನೀರು ಸೇರೋದು ನಮ್ಮ ಭೀಮೆಗೆ. ಒಂದು ನದಿಯ ಮೀನು ಇನ್ನೊಂದು ನದಿಯಲ್ಲಿ ಹೊರಗಿನದ್ದೇ. ಡುಬ್ಬದ ಮಹಶೀರ್‌ನ ವೈಜ್ಞಾನಿಕ ಗುರುತು, ಟಾರ್ ರೆಮಾದೇವಿ ಅಂತ, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಈ ಕುಸಿತ ಬೆಳಕಿಗೆ ಬಂದದ್ದು ಯಾರೋ ಪ್ರತಿ ಮೀನನ್ನೂ ತೂಗಿ ಬರೆದಿಟ್ಟಿದ್ದರಿಂದ. ಈ ಮಾತು ನೆನಪಿರಲಿ.

ಬೆಳಕೋಟಾ ದಂಡೆಯ ಮೇಲೆ

ಇಷ್ಟು ಓದಿಕೊಂಡು ಒಂದು ಭಾನುವಾರ ತಮ್ಮನ ಬೈಕಿನಲ್ಲಿ ಗಂಡೋರಿ ನಾಲಾ ಕಡೆ ಹೋದೆ. ದಂಡೆಯ ಮೇಲೆ ಹಿರಿಯರೊಬ್ಬರು ಬಲೆ ಹೆಣೆಯುತ್ತಿದ್ದರು. ಮೊಬೈಲಿನಲ್ಲಿ ರೀಲ್ ತೋರಿಸಿದೆವು. ಎರಡು ಸಲ ನೋಡಿದರು.

"ಹಿಡದು ಮತ್ತ ಬಿಡ್ತಾರೇನು?"

"ಹೌದ್ರಿ ಕಾಕಾ."

"ಹಂಗಾದ್ರ ಯಾಕ ಹಿಡೀತಾರ?"

ನಾವು ನಕ್ಕೆವು. ಅವರು ನಗಲಿಲ್ಲ. "ನೋಡು ತಮ್ಮಾ, ಗಾಳ ಹಾಕಬ್ಯಾಡ ಅಂತ ಯಾರೂ ಅನ್ನಂಗಿಲ್ಲ. ಆದ್ರ ಮರಿ ಬಿಟ್ಟವರು ನಾವು, ರೊಕ್ಕ ಕಟ್ಟಿದವರು ನಾವು. ಬಿಸಿಲಿಗಿ ಸತ್ರ ಲುಕ್ಸಾನ ನಂದು. ನಿಮ್ಮ ಗಿರಾಕಿ ಬಂದು ಹಿಡದ್ರ ರೊಕ್ಕ ಯಾರಿಗಿ?"

ಇಡೀ ವಿಷಯದ ಗಂಟು ಇರೋದು ಇಲ್ಲೇ. ಕೆರೆಯ ನೀರು ಸಾರ್ವಜನಿಕ ಅಂತ ನಾವು ಅಂದುಕೊಳ್ಳುತ್ತೇವೆ, ಹಾಗಾಗಿ ಮೀನೂ ಎಲ್ಲರದ್ದು ಅನ್ನಿಸುತ್ತದೆ. ಆದರೆ ಮೀನು ಹಿಡಿಯುವ ಹಕ್ಕು ಬೇರೆ. ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಪ್ರತ್ಯೇಕ ಕಾಯ್ದೆಯೇ ಇದೆ. ಕೆರೆ, ಜಲಾಶಯಗಳಲ್ಲಿ ಆ ಹಕ್ಕನ್ನು ಗುತ್ತಿಗೆ ಅಥವಾ ಲೈಸೆನ್ಸ್ ಮೂಲಕ ಕೊಡಲಾಗುತ್ತದೆ. ಮೀನುಗಾರರ ಸಹಕಾರ ಸಂಘಗಳು ಹಣ ಕಟ್ಟಿ, ಕಟ್ಲಾ, ರೋಹು, ಮೃಗಾಲ ಮರಿ ಬಿಟ್ಟು, ತಿಂಗಳುಗಟ್ಟಲೆ ಕಾಯುತ್ತವೆ. ನೀವು ಮೋಜಿಗೆ ಹಿಡಿಯುವ ಎರಡು ಕೆ.ಜಿ. ಕಟ್ಲಾ ಹಿಂದೆ ಯಾರದೋ ಸಾಲ ಇರುತ್ತದೆ.

ಬಿಟ್ಟರೆ ನಷ್ಟ ಏನು ಅಂತ ಕೇಳಬಹುದು. ಇಲ್ಲಿ ಬಿಸಿಲು ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿಯ ನೀರು ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಗಾಳದಲ್ಲಿ ಒದ್ದಾಡಿ ಸುಸ್ತಾದ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗೋದು ಆಗಲೇ. ಗಾಳಿ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ, ಕೆರೆಯೂ ತಳ ಕಂಡಿರುವಾಗ, ಹೀಗೆ ಬಿಟ್ಟ ಮೀನು ಫೋಟೊ ಅಪ್‌ಲೋಡ್ ಆಗೋ ಹೊತ್ತಿಗೆ ಸತ್ತಿರಬಹುದು.

ಹಾಗಾದ್ರೆ ಬೇಡ್ವಾ?

ಬೇಕು ಅಂತಲೇ ನನ್ನ ವಾದ. ಆದರೆ ಯಾರ ಕೈಯಲ್ಲಿ ಅನ್ನೋದು ಮೊದಲು ತೀರ್ಮಾನ ಆಗಬೇಕು. ನನಗೆ ಕಾಣುವ ನಾಲ್ಕು ಷರತ್ತು ಇವು.

ಒಂದು, ಪ್ರವಾಸ ನಡೆಸುವ ಹಕ್ಕು ಆ ನೀರಿನ ಗುತ್ತಿಗೆ ಇರುವ ಸಹಕಾರ ಸಂಘದ್ದೇ ಆಗಿರಬೇಕು. ಗೈಡ್ ಶುಲ್ಕ ಅದರ ಲೆಕ್ಕಕ್ಕೆ ಬರಬೇಕು. ಹೊರಗಿನ ರೆಸಾರ್ಟ್ ಬಂದು ಮೀನುಗಾರರನ್ನು ದಿನಗೂಲಿಗೆ ಇಟ್ಟುಕೊಂಡರೆ ಕಾವೇರಿಯ ಕತೆಯೇ ಮತ್ತೆ.

ಎರಡು, ಹೊಸ ಮೀನು ತಂದು ಬಿಡುವಂತಿಲ್ಲ. ಹಾವಿನಂಥ ತಲೆಯ ಮುರ್ರೆಲ್ ನಮ್ಮಲ್ಲೇ ಇದೆ, ಗಾಳಕ್ಕೆ ಜೋರಾಗಿ ಬೀಳುತ್ತದೆ. ಜಿಲೇಬಿ ಮೀನು ಸಿಕ್ಕರೆ ವಾಪಸ್ ಬಿಡದೆ ಅಲ್ಲೇ ಸಾರು ಮಾಡಿ ಪ್ರವಾಸಿಗೆ ಬಡಿಸಿ, ಜೋಳದ ರೊಟ್ಟಿ ಜೊತೆ. ಅದಕ್ಕೂ ರೊಕ್ಕ ತಗೊಳ್ಳಿ.

ಮೂರು, ನವೆಂಬರಿನಿಂದ ಫೆಬ್ರವರಿ ಮಾತ್ರ.

ನಾಲ್ಕು, ಲಾಗ್ ಪುಸ್ತಕ. ಯಾವ ಮೀನು, ಎಷ್ಟು ತೂಕ, ಎಲ್ಲಿ, ಯಾವಾಗ. ಅದು ಯಾರು ಬೇಕಾದರೂ ಓದುವಂತಿರಬೇಕು.

ದುಡ್ಡಿನ ದಾರಿಯೂ ಇದೆ. 2020ರ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನರಂಜನಾ ಮೀನುಗಾರಿಕೆಗೂ ಜಾಗವಿದೆ. ಫಲಾನುಭವಿ ಆಧಾರಿತ ಕೆಲಸಗಳಿಗೆ ಸಾಮಾನ್ಯ ವರ್ಗಕ್ಕೆ ವೆಚ್ಚದ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60 ನೆರವು. ನಮ್ಮ ಭಾಗದಲ್ಲಿ ನೀರಿನ ಕಸುಬಿನ ಕೋಲಿ, ಕಬ್ಬಲಿಗರು ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ದಶಕಗಳಿಂದ ಕೇಳುತ್ತಿದ್ದಾರೆ. ಬೇಡಿಕೆ ಈಡೇರದ ಗಂಡಸು ಮೀನುಗಾರನಿಗೆ ಸಿಗೋದು ಶೇ 40. ಉಳಿದ 60ನ್ನು ಬಲೆ ಹೆಣೆಯುವವರು ಎಲ್ಲಿಂದ ತರಬೇಕು? ಅದನ್ನು ಹೊಂದಿಸುವ ಶಕ್ತಿ ಇರೋದು ರೆಸಾರ್ಟ್ ಕಟ್ಟುವವರಿಗೆ. ಇಲ್ಲಿ ಸಹಕಾರ ಸಂಘಕ್ಕೆ, ಮೀನುಗಾರ ಮಹಿಳೆಯರ ಗುಂಪಿಗೆ ಮೊದಲ ಅವಕಾಶ ಅಂತ ನಿಯಮ ಮಾಡಿಸೋದು ನಾವು ಕೇಳಬೇಕಾದ ರಾಜಕೀಯ ಬೇಡಿಕೆ.

ತಮ್ಮನಿಗೆ ಇಷ್ಟನ್ನೂ ಬರೆದು ಕಳಿಸಿದೆ. ಸಂಜೆ ಉತ್ತರ ಬಂತು: "ಅಂದ್ರ ನಾ ಮಾಲಕ ಆಗಂಗಿಲ್ಲ ಅನ್ನು. ಬುಕಿಂಗ್, ವಿಡಿಯೊ, ಲೆಕ್ಕ ನಾ ನೋಡಿಕೊಂಡ್ರ ಸೊಸೈಟಿಯವರು ಪಗಾರ ಕೊಡ್ತಾರೇನು?"

ಗೊತ್ತಿಲ್ಲ, ಕೇಳಬೇಕು ಅಂದೆ. ಸೋಮವಾರ ಅವನು ಮತ್ತೆ ಬೆಳಕೋಟಾಕ್ಕೆ ಹೊರಟಿದ್ದಾನೆ. ಈ ಸಲ ಕಾಕಾನ ಜೊತೆ ಸೊಸೈಟಿ ಆಫೀಸಿಗೆ.