ಅಪೀಲಿಗೂ ಇದೆ ವಾಯಿದೆ!

ಕೋರ್ಟಿನಲ್ಲಿ ಕೇಸು ಸೋತ ದಿನ ಒಲೆ ಹಚ್ಚುವ ಮನಸ್ಸೂ ಇರುವುದಿಲ್ಲ. ತವರಿನ ಆಸ್ತಿಯಲ್ಲಿ ಪಾಲು ಕೇಳಿದ ದಾವೆಯೋ, ಸೈಟಿನ ತಕರಾರೋ, ವರ್ಷಗಟ್ಟಲೆ ಅಲೆದ ಮೇಲೆ ತೀರ್ಪು ನಮ್ಮ ವಿರುದ್ಧ ಬಂದರೆ ಯಾರಿಗೆ ತಾನೇ ಬೇಸರವಾಗದು? 'ಸದ್ಯಕ್ಕೆ ಸಾಕಪ್ಪಾ, ಮಗಳ ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ, ಆಮೇಲೆ ಅಪೀಲು ಹಾಕಿದ್ರಾಯ್ತು' ಅಂದುಕೊಳ್ಳುತ್ತೀರಾ? ಹಾಗಾದರೆ ಸ್ವಲ್ಪ ನಿಲ್ಲಿ. ನೀವು ಬೇಸರದಲ್ಲಿ ಕೂತಿರುವಾಗಲೂ ದಿನಗಳು ಎಣಿಕೆಯಾಗುತ್ತಲೇ ಇರುತ್ತವೆ.

ಎಷ್ಟು ದಿನ?

1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಸಿವಿಲ್ ದಾವೆಯ ಡಿಕ್ರಿ ವಿರುದ್ಧ ಹೈಕೋರ್ಟಿಗೆ ಹೋಗುವುದಾದರೆ 90 ದಿನ, ಜಿಲ್ಲಾ ಕೋರ್ಟಿನಂಥ ಬೇರೆ ಕೋರ್ಟಿಗಾದರೆ 30 ದಿನ. ತೀರ್ಪು ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೌಟುಂಬಿಕ ನ್ಯಾಯಾಲಯ, ಗ್ರಾಹಕರ ಆಯೋಗಗಳ ಲೆಕ್ಕ ಬೇರೆ. ಅದನ್ನು ವಕೀಲರನ್ನೇ ಕೇಳಿ ತಿಳಿದುಕೊಳ್ಳಿ.

ತೀರ್ಪಿನ ದೃಢೀಕೃತ ನಕಲು ಸಿದ್ಧವಾಗಲು ಹಿಡಿಯುವ ದಿನಗಳನ್ನೂ ವಾಯಿದೆಯಿಂದ ಕಳೆಯುತ್ತಾರೆ. ಆದರೆ ನೀವು ನಕಲಿಗೆ ಅರ್ಜಿ ಕೊಟ್ಟ ದಿನದಿಂದ ಮಾತ್ರ. ಜೂನ್ 1ಕ್ಕೆ ತೀರ್ಪು ಬಂದು, ನೀವು ಜೂನ್ 20ಕ್ಕೆ ಅರ್ಜಿ ಹಾಕಿದರೆ ಮಧ್ಯದ ದಿನಗಳು ನಿಮ್ಮ ಖಾತೆಯಿಂದ ಹೋದಂತೆಯೇ. ನಕಲು ಸಿದ್ಧವಾದ ಮೇಲೂ ಅದನ್ನು ತರಲು ತಡ ಮಾಡಿದರೆ ಆ ದಿನಗಳಿಗೂ ವಿನಾಯಿತಿಯಿಲ್ಲ.

'ಕೋರ್ಟಿಗೆ ರಜೆಯಲ್ವಾ?' ಅನ್ನಬೇಡಿ. ದಸರಾ ರಜೆಯಾಗಲಿ, ಬೇಸಿಗೆ ರಜೆಯಾಗಲಿ, ಎಣಿಕೆ ನಿಲ್ಲುವುದಿಲ್ಲ. ಕೊನೆಯ ದಿನವೇ ರಜೆಯಲ್ಲಿ ಬಂದರೆ ಮಾತ್ರ ಕೋರ್ಟು ತೆರೆದ ದಿನ ಸಲ್ಲಿಸಬಹುದು.

ತಡವಾದರೆ ಏನಾಗುತ್ತೆ?

ಎದುರು ಪಕ್ಷದವರು ಬಾಯಿ ಬಿಡದಿದ್ದರೂ ವಾಯಿದೆ ಮೀರಿದ ಅಪೀಲನ್ನು ಕೋರ್ಟು ತಾನಾಗಿಯೇ ವಜಾ ಮಾಡಬೇಕು. ನಿಮ್ಮ ಕಡೆ ಎಷ್ಟೇ ನ್ಯಾಯವಿದ್ದರೂ ಅದನ್ನು ನೋಡುವ ಹಂತಕ್ಕೇ ಕೇಸು ಹೋಗುವುದಿಲ್ಲ. ಕೆಳಗಿನ ಕೋರ್ಟಿನ ತೀರ್ಪೇ ಅಂತಿಮ. ಅದೇ ವಿಷಯಕ್ಕೆ ಮತ್ತೆ ಹೊಸ ದಾವೆ ಹೂಡುವಂತೆಯೂ ಇಲ್ಲ. ಗೆದ್ದವರು ಡಿಕ್ರಿ ಜಾರಿಗೆ ಅರ್ಜಿ ಹಾಕಿ ಮನೆ ಬಿಡಿಸಬಹುದು, ಹಣ ವಸೂಲು ಮಾಡಬಹುದು.

ದಾರಿ ಇಲ್ಲವೇ?

ಇದೆ. ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಡವಾಗಿದ್ದಕ್ಕೆ 'ಸಾಕಷ್ಟು ಕಾರಣ' ತೋರಿಸಿ, ಅಫಿಡವಿಟ್ ಸಮೇತ ವಿಳಂಬ ಮನ್ನಾ ಅರ್ಜಿಯನ್ನು ಅಪೀಲಿನ ಜೊತೆಗೇ ಕೊಡಬೇಕು. ಎಷ್ಟು ದಿನ ತಡವಾಯಿತು ಅನ್ನುವುದಕ್ಕಿಂತ ಕೊಟ್ಟ ಕಾರಣ ನಂಬುವಂತಿದೆಯೇ ಅನ್ನುವುದು ಮುಖ್ಯ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ. ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ಚೀಟಿ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ ಜೋಪಾನ ಮಾಡಿ. 'ವಕೀಲರು ಹೇಳಲೇ ಇಲ್ಲ' ಅನ್ನುವ ಒಂದೇ ಮಾತು ಯಾವಾಗಲೂ ಕೈ ಹಿಡಿಯುವುದಿಲ್ಲ. ಮನ್ನಾ ಮಾಡುವುದು ಕೋರ್ಟಿನ ವಿವೇಚನೆ, ನಿಮ್ಮ ಹಕ್ಕಲ್ಲ.

ಇನ್ನೊಂದು ಮಾತು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆಯೇ ಕೇಳಬೇಕು. ತಡವಾದ ಅಪೀಲಿನಲ್ಲಂತೂ, ಅಪೀಲು ವಿಚಾರಣೆಗೆ ಯೋಗ್ಯ ಎಂದು ಕೋರ್ಟು ತೀರ್ಮಾನಿಸುವ ತನಕ ಅದೂ ಸಿಗುವುದಿಲ್ಲ. ಅಷ್ಟರಲ್ಲಿ ಅಮೀನರು ಬಾಗಿಲಿಗೆ ಬಂದಿರಬಹುದು!

ನೆನಪಿರಲಿ

* ತೀರ್ಪು ಬಂದ ದಿನವೇ, ತಪ್ಪಿದರೆ ಮರುದಿನ, ನಕಲಿಗೆ ಅರ್ಜಿ ಕೊಡಿಸಿ. ಅರ್ಜಿ ಕೊಟ್ಟ ತಾರೀಖು ಬರೆದಿಡಿ.

* ಕೊನೆಯ ದಿನ ಯಾವುದೆಂದು ವಕೀಲರಿಂದ ಬರೆಸಿಕೊಂಡು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿ.

* 'ಅಣ್ಣ ನೋಡ್ಕೋತಾನೆ, ಯಜಮಾನ್ರು ನೋಡ್ಕೋತಾರೆ' ಅಂತ ಕೂರಬೇಡಿ. ಕೇಸು ನಿಮ್ಮ ಹೆಸರಿನಲ್ಲಿದ್ದರೆ ನೀವೇ ವಿಚಾರಿಸಿ.

* ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅಪೀಲು ಹಾಕಬೇಕೋ ಬೇಡವೋ ಅನ್ನುವುದನ್ನು ಮನೆಯವರೊಂದಿಗೆ ಕೂತು ನಿಧಾನವಾಗಿಯೇ ಯೋಚಿಸಿ. ನಕಲಿನ ಅರ್ಜಿ ಮಾತ್ರ ಅದಕ್ಕೂ ಮೊದಲೇ ಹೋಗಿರಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವಂತಾಗುವುದು ಬೇಡ.